ಅಟ್ಟಣೆ ಮೇಲೊಬ್ಬ ಇದ್ದರೆ ಸಾಕೇ? ಈ ಸಲದ ಸ್ಪರ್ಸ್ ಡಿಫೆನ್ಸ್ ಬಗ್ಗೆ ನಮ್ಮ ಮಾತು

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ದಿನದಿಂದ ಒಂದೇ ಜಗಳ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಹೊಸ ಸೀಸನ್ 2025ರ ಅಕ್ಟೋಬರ್ 21ಕ್ಕೆ ಶುರು. "ಸ್ಯಾನ್ ಆಂಟೋನಿಯೊ ಸ್ಪರ್ಸ್ ಈ ಸಲ ಡಿಫೆನ್ಸ್‌ನಲ್ಲಿ ಮೊದಲ ಐದರೊಳಗೆ ಇರುತ್ತೆ, ಬರೆದಿಟ್ಕೊಳ್ಳಿ" ಎಂದು ಅರ್ಧ ಜನ. "ಹೋದ ವರ್ಷಾನೂ ಹಿಂಗೇ ಅಂದಿದ್ರಿ, ಏನಾಯ್ತು?" ಎಂದು ಇನ್ನರ್ಧ ಜನ. ಎರಡೂ ಕಡೆಯವರು ಕಳಿಸುವುದು ಒಬ್ಬನದೇ ವಿಡಿಯೋ. 7 ಅಡಿ 4 ಅಂಗುಲದ ಫ್ರಾನ್ಸ್ ಹುಡುಗ ವಿಕ್ಟರ್ ವೆಂಬನ್ಯಾಮಾ ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ಬಡಿದು ಕೆಳಗೆ ಹಾಕುವ ವಿಡಿಯೋ. ಮೊದಲಿನವರಿಗೆ ಅದು ಸಾಕ್ಷಿ. ಎರಡನೆಯವರಿಗೂ ಅದೇ ಸಾಕ್ಷಿ: "ಇವನೊಬ್ಬನನ್ನು ಬಿಟ್ಟರೆ ಇನ್ಯಾರಿದ್ದಾರೆ, ತೋರಿಸಿ."

ಜಗಳ ಮುಗಿಯಲಿಲ್ಲ, ಹಾಗಾಗಿ ಕೂತು ಬರೆಯೋಣ ಎಂದು ತೀರ್ಮಾನಿಸಿದೆವು. ಬ್ಯಾಸ್ಕೆಟ್‌ಬಾಲ್ ನಮ್ಮೂರುಗಳ ಆಟವಲ್ಲ ಎನ್ನುವವರಿದ್ದಾರೆ. ನಿಜ, ನಮ್ಮಲ್ಲಿ ದೀಪ ಹಾಕಿ ರಾತ್ರಿಯಿಡೀ ಆಡಿಸುವುದು ವಾಲಿಬಾಲ್ ಮತ್ತು ಕಬಡ್ಡಿ. ಆದರೆ ಸ್ಯಾನ್ ಆಂಟೋನಿಯೊದ ಸಂಜೆ ಪಂದ್ಯ ನಮಗೆ ಬೆಳಗಿನ ಪಂದ್ಯ. ಡೇರಿಗೆ ಹಾಲು ಹಾಕಿ ಬಂದು ಮೊಬೈಲ್ ತೆಗೆದರೆ ಆಟ ಸಿಗುತ್ತದೆ. ಹೀಗೆ ನೋಡುತ್ತಾ ನೋಡುತ್ತಾ ರುಚಿ ಹತ್ತಿಸಿಕೊಂಡವರು ನಮ್ಮ ಓದುಗರಲ್ಲೂ ಇದ್ದಾರೆ.

ಹೊಸಬರಿಗಾಗಿ ಎರಡು ಮಾತು. ಎನ್‌ಬಿಎಯಲ್ಲಿ 30 ತಂಡಗಳಿವೆ, ಒಂದೊಂದೂ ಸೀಸನ್‌ಗೆ 82 ಪಂದ್ಯ ಆಡುತ್ತದೆ. ಸ್ಪರ್ಸ್ ಟೆಕ್ಸಾಸ್ ರಾಜ್ಯದ ತಂಡ. 1999, 2003, 2005, 2007 ಮತ್ತು 2014ರಲ್ಲಿ ಕಪ್ ಗೆದ್ದಿದೆ. ಐದೂ ಸಲ ಕೋಚ್ ಆಗಿದ್ದವರು ಗ್ರೆಗ್ ಪೊಪೊವಿಚ್. ಇದು ಡಿಫೆನ್ಸ್‌ನಿಂದ ಹೆಸರು ಮಾಡಿದ ಮನೆತನ. ರಿಂಗ್‌ನ ಕೆಳಗೆ ಡೇವಿಡ್ ರಾಬಿನ್ಸನ್, ಟಿಮ್ ಡಂಕನ್ ಎಂಬ ಇಬ್ಬರು ಎತ್ತರದವರು ನಿಂತರೆ ಒಳಗೆ ನುಗ್ಗಲು ಎದುರಾಳಿಗಳು ಹತ್ತು ಸಲ ಯೋಚಿಸುತ್ತಿದ್ದರು. ಆದರೆ 2019ರ ನಂತರ 2025ರವರೆಗೆ ಸ್ಪರ್ಸ್ ಪ್ಲೇ ಆಫ್ ಮುಖ ನೋಡಿಲ್ಲ. ಸತತ ಆರು ಸೀಸನ್ ಖಾಲಿ. 2022–23ರಲ್ಲಂತೂ ಇಡೀ ಲೀಗ್‌ನಲ್ಲೇ ಕೆಟ್ಟ ಡಿಫೆನ್ಸ್ ಇದ್ದದ್ದು ಇವರದ್ದು. ಆ ಸೋಲಿನ ನಂತರ 2023ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯ ಅವಕಾಶ ಸಿಕ್ಕಿತು, ವೆಂಬನ್ಯಾಮಾ ಬಂದ. ನಾವಿನ್ನು ವೆಂಬಿ ಅನ್ನೋಣ, ಅಲ್ಲಿಯವರೂ ಹಾಗೇ ಕರೆಯುತ್ತಾರೆ.

ಲೆಕ್ಕ ಏನು ಹೇಳುತ್ತದೆ

ವೆಂಬಿ ಮೊದಲ ಸೀಸನ್‌ನಲ್ಲಿ 71 ಪಂದ್ಯ ಆಡಿ 254 ಬ್ಲಾಕ್ ಮಾಡಿದ. ಪಂದ್ಯಕ್ಕೆ ಸರಾಸರಿ 3.6, ಇಡೀ ಲೀಗ್‌ಗೇ ಮೊದಲು. ಆ ವರ್ಷದ ಹೊಸ ಆಟಗಾರ ಪ್ರಶಸ್ತಿ ಒಂದೂ ಮತ ತಪ್ಪದೆ ಅವನಿಗೆ ಬಂತು. ಡಿಫೆನ್ಸ್‌ಗಾಗಿ ಆರಿಸುವ ಮೊದಲ ಪಂಗಡದಲ್ಲಿ ಮೊದಲ ವರ್ಷದಲ್ಲೇ ಜಾಗ ಪಡೆದ ಮೊದಲಿಗನೂ ಅವನೇ. ಇಷ್ಟಾದರೂ ತಂಡ ಗೆದ್ದದ್ದು 82ರಲ್ಲಿ 22 ಪಂದ್ಯ. ಅವನು ಬರುವ ಹಿಂದಿನ ವರ್ಷ ಗೆದ್ದದ್ದೂ 22.

ಹೋದ ಸೀಸನ್‌ನಲ್ಲಿ ಪಂದ್ಯಕ್ಕೆ 3.8 ಬ್ಲಾಕ್. 46 ಪಂದ್ಯ ಮುಗಿದಿತ್ತು, ಫೆಬ್ರವರಿಯಲ್ಲಿ ಬಲ ಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಗೊತ್ತಾಗಿ ಸೀಸನ್ ಅಲ್ಲಿಗೇ ನಿಂತಿತು. ಆ 46 ಪಂದ್ಯದಲ್ಲೇ ಅವನ 176 ಬ್ಲಾಕ್ ಆಗಿತ್ತು. ಉಳಿದವರೆಲ್ಲ ಏಪ್ರಿಲ್‌ವರೆಗೆ ಆಡಿಯೂ ಆ ಸಂಖ್ಯೆ ಮುಟ್ಟಲಿಲ್ಲ. ತಂಡ 34 ಗೆದ್ದು 48 ಸೋತಿತು. ಡಿಫೆನ್ಸ್ ಲೆಕ್ಕದಲ್ಲಿ 30 ತಂಡಗಳ ಪೈಕಿ ಕೆಳಗಿನ ಹತ್ತರಲ್ಲಿತ್ತು.

ಡಿಫೆನ್ಸ್ ಅಳೆಯುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಒಂದು ಪಂದ್ಯದಲ್ಲಿ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟರು ಎನ್ನುವುದು ಸರಿಯಾದ ಅಳತೆ ಆಗುವುದಿಲ್ಲ. ಏಕೆಂದರೆ ಕೆಲವು ತಂಡ ಬೇಗ ಬೇಗ ಆಡುತ್ತವೆ, ಕೆಲವು ನಿಧಾನ. ಅದಕ್ಕೆ ಎದುರಾಳಿಗೆ ಚೆಂಡು ಸಿಕ್ಕ ಪ್ರತಿ 100 ಸರದಿಗೆ ಎಷ್ಟು ಪಾಯಿಂಟ್ ಹೋಯಿತು ಎಂದು ನೋಡುತ್ತಾರೆ. ಹೋದ ಸೀಸನ್‌ನಲ್ಲಿ ಲೀಗ್‌ನ ಸರಾಸರಿ ಸುಮಾರು 114. ಅದಕ್ಕಿಂತ ಕಡಿಮೆಯಾದಷ್ಟೂ ಡಿಫೆನ್ಸ್ ಗಟ್ಟಿ. ಈ ಲೆಕ್ಕದಲ್ಲಿ ಹೋದ ವರ್ಷ ಎಲ್ಲರಿಗಿಂತ ಮುಂದಿದ್ದದ್ದು ಒಕ್ಲಹೋಮ ಸಿಟಿ ಥಂಡರ್. 68 ಪಂದ್ಯ ಗೆದ್ದು ಕಪ್ ಎತ್ತಿದ್ದೂ ಅವರೇ.

ಹಾಗಾದರೆ ಪ್ರಶ್ನೆ ಇದು: ಲೀಗ್‌ನಲ್ಲಿ ಎಲ್ಲರಿಗಿಂತ ಒಳ್ಳೆಯ ಕಾವಲುಗಾರ ಇರುವ ತಂಡ ಡಿಫೆನ್ಸ್‌ನಲ್ಲಿ ಕೆಳಗಿನ ಹತ್ತರಲ್ಲಿ ಇದ್ದದ್ದು ಏಕೆ?

ಬೇಲಿ ಮತ್ತು ಅಟ್ಟಣೆ

ಜೋಳದ ಹೊಲಕ್ಕೆ ಹಂದಿ ಬೀಳುವ ಊರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೊಲದ ನಡುವೆ ಅಟ್ಟಣೆ ಕಟ್ಟಿ, ಮೇಲೆ ಕಣ್ಣು ಚುರುಕಾದವನೊಬ್ಬನನ್ನು ಕೂರಿಸಬಹುದು. ಆದರೆ ಸುತ್ತ ಬೇಲಿ ನಾಲ್ಕು ಕಡೆ ಮುರಿದಿದ್ದರೆ ಅವನು ಎಷ್ಟು ಕಡೆ ಓಡಿಯಾನು? ಈ ಕಡೆ ಕೂಗಿ ಓಡಿಸುವಷ್ಟರಲ್ಲಿ ಆ ಕಡೆಯಿಂದ ನುಗ್ಗಿರುತ್ತವೆ.

ವೆಂಬಿ ಅಟ್ಟಣೆ ಮೇಲಿನವನು. ರಿಂಗ್ ನೆಲದಿಂದ 10 ಅಡಿ ಎತ್ತರದಲ್ಲಿದೆ, ಇವನು ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ 8 ಅಡಿ. ಬೇಲಿ ಎಂದರೆ ಹೊರಗೆ, ಮೂರು ಪಾಯಿಂಟ್ ಗೆರೆಯ ಬಳಿ ಎದುರಾಳಿಯನ್ನು ತಡೆಯುವ ಗಾರ್ಡ್‌ಗಳು. ಆ ಗೆರೆ ರಿಂಗ್‌ನಿಂದ 23 ಅಡಿ 9 ಅಂಗುಲ ದೂರದಲ್ಲಿದೆ, ಮೂಲೆಗಳಲ್ಲಿ 22 ಅಡಿ. ಅಷ್ಟು ದೂರಕ್ಕೆ ವೆಂಬಿಯ ಕೈಯೂ ಎಟಕುವುದಿಲ್ಲ.

ಹೋದ ವರ್ಷ ಸ್ಪರ್ಸ್ ಬೇಲಿಯಲ್ಲಿದ್ದ ಮುಖ್ಯ ಗಾರ್ಡ್ ಕ್ರಿಸ್ ಪಾಲ್. ಆಟದ ಬುದ್ಧಿಯಲ್ಲಿ ಅವರಂಥವರು ಕಡಿಮೆ, 82 ಪಂದ್ಯವೂ ಆಡಿದರು. ಆದರೆ ಸೀಸನ್ ಮುಗಿಯುವಾಗ ಅವರಿಗೆ 39 ದಾಟಿತ್ತು, ಎತ್ತರ 6 ಅಡಿ. ಇಪ್ಪತ್ತೆರಡು ವರ್ಷದ ಹುಡುಗರು ಅವರನ್ನು ದಾಟಿ ಹೋಗುವುದು ನಮಗೂ ಮೊಬೈಲ್‌ನಲ್ಲಿ ಕಾಣುತ್ತಿತ್ತು. ದಾಟಿ ಬಂದವನನ್ನು ತಡೆಯಲು ವೆಂಬಿ ಮುಂದೆ ಬರಬೇಕು. ವೆಂಬಿ ಮುಂದೆ ಬಂದ ಕೂಡಲೇ ಅವನು ಕಾಯುತ್ತಿದ್ದ ಎದುರಾಳಿ ಒಂಟಿಯಾಗುತ್ತಾನೆ, ಚೆಂಡು ಅವನ ಕೈಗೆ ಹೋಗುತ್ತದೆ.

ಇನ್ನೂ ಒಂದು ನಿಯಮ ಗೊತ್ತಿರಬೇಕು. ರಿಂಗ್ ಕೆಳಗೆ ಬಣ್ಣ ಬಳಿದ ಜಾಗ ಇದೆಯಲ್ಲ, ಅಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ಸುಮ್ಮನೆ 3 ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ನಿಂತರೆ ಎದುರಾಳಿಗೆ ಫ್ರೀ ಥ್ರೋ. ಅಂದರೆ ಎತ್ತರದವನನ್ನು ಗೂಟ ಹೊಡೆದಂತೆ ರಿಂಗ್ ಕೆಳಗೆ ನಿಲ್ಲಿಸಿಬಿಡೋಣ ಎಂದರೆ ಆಗುವುದಿಲ್ಲ. ಜಾಣ ಕೋಚ್‌ಗಳು ಮಾಡುವುದೂ ಇದನ್ನೇ. ದೂರದಿಂದ ಗುರಿ ಇಡಬಲ್ಲ ಎತ್ತರದ ಆಟಗಾರನನ್ನು ಮೂರು ಪಾಯಿಂಟ್ ಗೆರೆಯ ಹೊರಗೆ ನಿಲ್ಲಿಸುತ್ತಾರೆ. ವೆಂಬಿ ಅವನ ಹಿಂದೆ ಹೊರಗೆ ಹೋದರೆ ಒಳಗೆ ಬಯಲು. ಹೋಗದಿದ್ದರೆ ಅವನು ಅಲ್ಲಿಂದಲೇ ಹಾಕುತ್ತಾನೆ.

ಮೂರನೆಯದು ಸಮಯದ ಲೆಕ್ಕ. ಪಂದ್ಯ 48 ನಿಮಿಷ. ವೆಂಬಿ ಹೋದ ವರ್ಷ ಆಡಿದ್ದು ಪಂದ್ಯಕ್ಕೆ ಸುಮಾರು 33 ನಿಮಿಷ. ಉಳಿದ 15 ನಿಮಿಷ ಅಟ್ಟಣೆ ಖಾಲಿ. ಫೆಬ್ರವರಿ ಮೊದಲ ವಾರದಲ್ಲಿ ಬದಲಿ ಸೆಂಟರ್ ಝ್ಯಾಕ್ ಕಾಲಿನ್ಸ್ ಬೇರೆ ತಂಡಕ್ಕೆ ಹೋದ. ಎರಡು ವಾರ ಕಳೆಯುವಷ್ಟರಲ್ಲಿ ವೆಂಬಿಯೂ ಇಲ್ಲ. ಆಮೇಲೆ ಏನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಕಾಣದ ಕೆಲಸ

ಇಲ್ಲಿ ನಮ್ಮ ಕಸುಬಿನ ಒಂದು ಮಾತು. ಸೇತುವೆ ಬಿದ್ದರೆ ಸುದ್ದಿ. ಮಳೆಗಾಲ ಪೂರ್ತಿ ನಿಂತ ಸೇತುವೆಯ ಬಗ್ಗೆ ನಾವ್ಯಾರೂ ಬರೆಯುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಹಾಗೇ. ವೆಂಬಿ ಬ್ಲಾಕ್ ಮಾಡಿದ್ದು ಹೈಲೈಟ್ಸ್‌ನಲ್ಲಿ ಬರುತ್ತದೆ, ಮೊಬೈಲ್‌ನಿಂದ ಮೊಬೈಲ್‌ಗೆ ಹೋಗುತ್ತದೆ. ಆದರೆ ಅವನ ಡಿಫೆನ್ಸ್‌ನ ದೊಡ್ಡ ಪಾಲು ಬ್ಲಾಕ್‌ನಲ್ಲಿಲ್ಲ. ಎದುರಾಳಿ ಚೆಂಡು ಹಿಡಿದು ಒಳಗೆ ನುಗ್ಗುತ್ತಾನೆ, ಓರೆಗಣ್ಣಲ್ಲಿ ಆ ಉದ್ದನೆಯ ಕೈ ಕಾಣುತ್ತದೆ, ಎಸೆಯದೆ ಹಾಗೇ ಹೊರಗೆ ತಿರುಗಿಸಿಕೊಂಡು ಹೋಗುತ್ತಾನೆ. ಆಗ 24 ಸೆಕೆಂಡ್‌ನ ಗಡುವಿನಲ್ಲಿ ಐದಾರು ಸೆಕೆಂಡ್ ವ್ಯರ್ಥ. ಕೊನೆಗೆ ಅವಸರದಲ್ಲಿ ದೂರದಿಂದ ಒಂದು ಕೆಟ್ಟ ಎಸೆತ. ಆ ಎಸೆತವನ್ನು ತಪ್ಪಿಸಿದವನು ವೆಂಬಿ, ಆದರೆ ಲೆಕ್ಕದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಏನೂ ಬರುವುದಿಲ್ಲ.

ಹಳಬರನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಟಿಮ್ ಡಂಕನ್ 15 ಸಲ ಲೀಗ್‌ನ ಡಿಫೆನ್ಸ್ ಪಂಗಡಗಳಿಗೆ ಆಯ್ಕೆಯಾದರು. ಆದರೆ ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಒಂದು ಸಲವೂ ಬರಲಿಲ್ಲ. ಸದ್ದಿಲ್ಲದೆ ಸರಿಯಾದ ಜಾಗದಲ್ಲಿ ನಿಲ್ಲುವವರಿಗೆ ಎಲ್ಲ ಕಡೆ ಇದೇ ಗತಿ. ಆ ಡಂಕನ್‌ಗೂ ಹೊರಗೆ ಗಟ್ಟಿ ಬೇಲಿ ಇತ್ತು. ಬ್ರೂಸ್ ಬೋವೆನ್ ಎಂಬ ಆಟಗಾರ ಪಾಯಿಂಟ್ ಹಾಕುವುದರಲ್ಲಿ ದೊಡ್ಡ ಹೆಸರಲ್ಲ. ಎದುರಾಳಿಯ ಅತ್ಯುತ್ತಮ ಆಟಗಾರನಿಗೆ ಅಂಟಿಕೊಂಡು ರಾತ್ರಿಯಿಡೀ ಕಾಡುವುದೇ ಅವರ ಕೆಲಸ. 2003, 2005, 2007ರ ಕಪ್‌ಗಳಲ್ಲಿ ಅವರ ಪಾಲು ಸಣ್ಣದಲ್ಲ. ಅವರ ನಂತರ ಆ ಜಾಗಕ್ಕೆ ಕವಾಯ್ ಲೆನಾರ್ಡ್ ಬಂದ, 2015 ಮತ್ತು 2016ರಲ್ಲಿ ವರ್ಷದ ಡಿಫೆನ್ಸ್ ಆಟಗಾರನಾದ. ಸ್ಪರ್ಸ್ ಗೆದ್ದ ಕಾಲದಲ್ಲೆಲ್ಲ ಅಟ್ಟಣೆಯೂ ಇತ್ತು, ಬೇಲಿಯೂ ಇತ್ತು. "ವೆಂಬಿ ಇದ್ದಾನಲ್ಲ, ಸಾಕು" ಎನ್ನುವವರು ಈ ಅರ್ಧವನ್ನು ಮರೆಯುತ್ತಾರೆ.

ಈ ಸಲ ಬೇಲಿ ಹೇಗಿದೆ

ನಮ್ಮ ಅಭಿಪ್ರಾಯದಲ್ಲಿ ಹೋದ ಸಲಕ್ಕಿಂತ ನಿಜಕ್ಕೂ ಗಟ್ಟಿಯಾಗಿದೆ. ಅದಕ್ಕೆ ಕಾರಣ ದೊಡ್ಡ ಹೆಸರುಗಳಲ್ಲ, ಹುಡುಗರು.

ಮೊದಲು ಸ್ಟೀಫನ್ ಕಾಸಲ್. 2024ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಬಂದು ಹೋದ ಸೀಸನ್‌ನ ಹೊಸ ಆಟಗಾರ ಪ್ರಶಸ್ತಿ ಗೆದ್ದ. ಪಾಯಿಂಟ್ ನೋಡಿ ಪ್ರಶಸ್ತಿ ಕೊಟ್ಟರು ಎನ್ನಬಹುದು, ನಮಗೆ ಹಿಡಿಸಿದ್ದು ಅವನ ಕಾಲು. 6 ಅಡಿ 6 ಅಂಗುಲ ಎತ್ತರ, ಭುಜ ಅಗಲ, ಯಾರಾದರೂ ತಳ್ಳಿದರೆ ಹಿಂದೆ ಸರಿಯುವುದಿಲ್ಲ. ಮೊದಲ ವರ್ಷವೇ ಎದುರಾಳಿಯ ಮುಖ್ಯ ಆಟಗಾರನನ್ನು ಕಾಯುವ ಕೆಲಸ ಅವನಿಗೆ ಬಿತ್ತು. ಬೋವೆನ್ ನಿಂತಿದ್ದ ಜಾಗಕ್ಕೆ ಯಾರಾದರೂ ಬರುವುದಾದರೆ ಇವನೇ.

ಎರಡನೆಯವನು ಡಿಆರನ್ ಫಾಕ್ಸ್. 2023–24ರಲ್ಲಿ ಪಂದ್ಯಕ್ಕೆ ಸರಾಸರಿ 2 ಸಲ ಚೆಂಡು ಕಸಿದು ಲೀಗ್‌ಗೇ ಮೊದಲಾದವನು. ಕೈ ಚುರುಕು, ಕಾಲು ಇನ್ನೂ ಚುರುಕು. ಆದರೆ ಮೈಕಟ್ಟು ತೆಳ್ಳಗೆ, ದಪ್ಪ ಆಟಗಾರ ಬೆನ್ನು ಕೊಟ್ಟು ತಳ್ಳಿದರೆ ಕಷ್ಟ. ಜೊತೆಗೆ ತೊಡೆಯ ಹಿಂದಿನ ಸ್ನಾಯು ಎಳೆದುಕೊಂಡಿದ್ದಾನೆ, ಶುರುವಿನ ಪಂದ್ಯಗಳಿಗೆ ಇಲ್ಲ. ಮೊದಲ ಎರಡು ವಾರದ ಫಲಿತಾಂಶ ನೋಡಿ ಯಾರೂ ತೀರ್ಪು ಕೊಡಬೇಡಿ.

2025ರ ಡ್ರಾಫ್ಟ್‌ನಲ್ಲಿ ಇಬ್ಬರು ಬಂದಿದ್ದಾರೆ. ಎರಡನೇ ಆಯ್ಕೆ ಡಿಲನ್ ಹಾರ್ಪರ್, ಐದು ಕಪ್ ಗೆದ್ದ ರಾನ್ ಹಾರ್ಪರ್ ಅವರ ಮಗ. ಗಾರ್ಡ್‌ಗೆ ಒಳ್ಳೆಯ ಎತ್ತರ. 14ನೇ ಆಯ್ಕೆ ಕಾರ್ಟರ್ ಬ್ರಯಂಟ್, ಡಿಫೆನ್ಸ್ ನೋಡಿಯೇ ಆರಿಸಿಕೊಂಡ ಹುಡುಗ. ಹೊಸಬರು ಮೊದಲ ವರ್ಷ ಫೌಲ್ ಜಾಸ್ತಿ ಮಾಡುತ್ತಾರೆ, ಎಲ್ಲಿ ನಿಲ್ಲಬೇಕು ಎಂಬುದು ಅರ್ಧ ಸೆಕೆಂಡ್ ತಡವಾಗಿ ಹೊಳೆಯುತ್ತದೆ. ಆದ್ದರಿಂದ ಈ ಇಬ್ಬರ ಮೇಲೆ ಈ ಸಲವೇ ಭಾರ ಹಾಕಬಾರದು. ಜೆರೆಮಿ ಸೋಹನ್ ಇದ್ದಾನೆ, ಚಿಕ್ಕ ಗಾರ್ಡ್‌ನಿಂದ ದೊಡ್ಡ ಸೆಂಟರ್‌ವರೆಗೆ ಯಾರನ್ನಾದರೂ ಕಾಯಬಲ್ಲ ಅಪರೂಪದವನು. ಡೆವಿನ್ ವ್ಯಾಸೆಲ್‌ಗೆ ಕೈ ಉದ್ದ, ಆದರೆ ಮನಸ್ಸಿಟ್ಟ ದಿನ ಮಾತ್ರ. ಹ್ಯಾರಿಸನ್ ಬಾರ್ನ್ಸ್‌ಗೆ 33 ವರ್ಷ, ಹೋದ ಸೀಸನ್‌ನ 82 ಪಂದ್ಯದಲ್ಲೂ ಹಾಜರ್. ವೇಗ ಕಡಿಮೆಯಾಗಿದೆ, ಜಾಗ ತಪ್ಪುವುದು ಕಡಿಮೆ.

ಬೆದರುಬೊಂಬೆ ಬಂದಿದೆ

ಹೊಸದಾಗಿ ಬಂದವರಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಲ್ಯೂಕ್ ಕೊರ್ನೆಟ್. ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲ. 7 ಅಡಿ 1 ಅಂಗುಲ, 2024ರಲ್ಲಿ ಕಪ್ ಗೆದ್ದ ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿದ್ದವನು. ಇವನದೊಂದು ವಿಚಿತ್ರ ಅಭ್ಯಾಸ. ಎದುರಾಳಿ ದೂರದಿಂದ ಮೂರು ಪಾಯಿಂಟ್‌ಗೆ ಗುರಿ ಇಟ್ಟಾಗ, ಇವನು ಅವನ ಹತ್ತಿರಕ್ಕೂ ಹೋಗದೆ ರಿಂಗ್ ಬಳಿಯೇ ನಿಂತು, ಎರಡೂ ಕೈ ಎತ್ತಿ ಮೇಲಕ್ಕೆ ಹಾರುತ್ತಾನೆ. ಚೆಂಡು ಮುಟ್ಟಲು ಅಲ್ಲ, ಎಸೆಯುವವನ ಕಣ್ಣಿಗೆ ರಿಂಗ್ ಒಂದು ಕ್ಷಣ ಮರೆಯಾಗಲಿ ಎಂದು. ಮೊದಲ ಸಲ ನೋಡಿದಾಗ ನಾವೂ ನಕ್ಕಿದ್ದೆವು. ಹೊಲದ ಬೆದರುಬೊಂಬೆ ಯಾವ ಹಕ್ಕಿಯನ್ನೂ ಹಿಡಿಯುವುದಿಲ್ಲ, ಆದರೂ ರೈತ ಅದನ್ನು ನಿಲ್ಲಿಸುತ್ತಾನಲ್ಲ, ಹಾಗೆ.

ಕೊರ್ನೆಟ್ ಬಂದದ್ದರಿಂದ ಆ 15 ನಿಮಿಷಕ್ಕೆ ಅಟ್ಟಣೆ ಮೇಲೆ ಒಬ್ಬ ಸಿಕ್ಕ. ಕೆಲವೊಮ್ಮೆ ಇಬ್ಬರನ್ನೂ ಒಟ್ಟಿಗೆ ಆಡಿಸಬಹುದು. ಕೊರ್ನೆಟ್ ಎದುರಾಳಿಯ ದಪ್ಪ ಸೆಂಟರ್ ಜೊತೆ ತಳ್ಳಾಟ ನೋಡಿಕೊಂಡರೆ, ವೆಂಬಿ ಗುರಿ ಕಡಿಮೆ ಇರುವ ಯಾರನ್ನೋ ಕಾಯುವ ನೆಪದಲ್ಲಿ ಸುತ್ತಾಡಿಕೊಂಡು ಎಲ್ಲಿ ಬೇಲಿ ಮುರಿಯಿತೋ ಅಲ್ಲಿಗೆ ಹೋಗಬಹುದು. ವೆಂಬಿಯ ಮೈ ತೆಳ್ಳಗೆ. ಡೆನ್ವರ್‌ನ ನಿಕೊಲಾ ಯೊಕಿಚ್‌ರಂಥವರ ಜೊತೆ ರಾತ್ರಿಯಿಡೀ ಭುಜ ಕೊಟ್ಟು ನಿಲ್ಲುವುದು ಅವನಿಗೆ ಹೇಳಿದ ಕೆಲಸವಲ್ಲ. ಬಿಸ್ಮಾಕ್ ಬಿಯೊಂಬೊ ಕೂಡ ಉಳಿದಿದ್ದಾನೆ, ವಯಸ್ಸಾಗಿದ್ದರೂ ಐದಾರು ನಿಮಿಷಕ್ಕೆ ಆಗುತ್ತಾನೆ. ಕೆಲಿ ಒಲಿನಿಕ್ ಬಂದಿರುವುದು ಪಾಯಿಂಟ್ ಮತ್ತು ಪಾಸ್‌ಗೆ, ಡಿಫೆನ್ಸ್‌ನಲ್ಲಿ ಅವನಿಂದ ಹೆಚ್ಚು ಬಯಸಬಾರದು.

ನಮಗಿರುವ ಅನುಮಾನಗಳು

ಹೊಗಳಿದ್ದಾಯಿತು. ಈಗ ಅನುಮಾನ.

ಒಂದು, ರೀಬೌಂಡ್. ವೆಂಬಿ ಬ್ಲಾಕ್ ಮಾಡಲು ಹಾರಿದಾಗ ಅವನ ಜಾಗ ಖಾಲಿ. ಬ್ಲಾಕ್ ಆದ ಚೆಂಡು ಯಾರ ಕೈಗೆ ಹೋಯಿತು ಎನ್ನುವುದು ಬ್ಲಾಕ್‌ನಷ್ಟೇ ಮುಖ್ಯ. ಎದುರಾಳಿಗೇ ಮತ್ತೆ ಸಿಕ್ಕರೆ, ಕಳ್ಳನನ್ನು ಮುಂಬಾಗಿಲಲ್ಲಿ ಓಡಿಸಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಬಾರ್ನ್ಸ್, ವ್ಯಾಸೆಲ್, ಕಾಸಲ್ ಮೂವರೂ ಒಳಗೆ ಬಂದು ಎದುರಾಳಿಗೆ ಬೆನ್ನು ಅಡ್ಡ ಕೊಡುವುದನ್ನು ಕಲಿಯಬೇಕು.

ಎರಡು, ಮಾತು. ಕಬಡ್ಡಿ ಆಡಿದವರಿಗೆ ಗೊತ್ತು, ಚೈನ್ ಹಿಡಿದವರಲ್ಲಿ ಒಬ್ಬ ಮೊದಲೇ ಹಾರಿದರೆ ರೈಡರ್ ಇಬ್ಬರನ್ನೂ ಔಟ್ ಮಾಡಿ ಹೋಗುತ್ತಾನೆ. ಇಲ್ಲೂ ಎದುರಾಳಿಯೊಬ್ಬ ನಮ್ಮ ಗಾರ್ಡ್‌ಗೆ ಅಡ್ಡ ನಿಂತಾಗ, ನಾನು ಹೋಗಲೋ ನೀನು ಹೋಗುತ್ತೀಯೋ ಎಂದು ಅರ್ಧ ಸೆಕೆಂಡ್‌ನಲ್ಲಿ ಕೂಗಿ ಹೇಳಬೇಕು. ಹುಡುಗರ ತಂಡದಲ್ಲಿ ಆ ಕೂಗು ತಡವಾಗುತ್ತದೆ. ಕ್ರಿಸ್ ಪಾಲ್ ಕಾಲಲ್ಲಿ ವೇಗ ಇಲ್ಲದಿದ್ದರೂ ಬಾಯಲ್ಲಿತ್ತು. ಅವರು ಹೋದದ್ದರಿಂದ ಆದ ನಷ್ಟ ಇದು.

ಮೂರು, ಕೋಚ್. ಪೊಪೊವಿಚ್ 2024ರ ನವೆಂಬರ್‌ನಲ್ಲಿ ಪಾರ್ಶ್ವವಾಯುವಿಗೆ ಒಳಗಾದರು, 2025ರ ಮೇ ತಿಂಗಳಲ್ಲಿ ಕೋಚ್ ಸ್ಥಾನ ಬಿಟ್ಟರು. 1996ರಿಂದ ಅಲ್ಲಿದ್ದವರು, 1422 ಗೆಲುವು, ಲೀಗ್ ದಾಖಲೆ. ಹೋದ ಸೀಸನ್‌ನ ಬಹುಪಾಲು ತಂಡ ನೋಡಿಕೊಂಡ ಮಿಚ್ ಜಾನ್ಸನ್ ಈಗ ಪೂರ್ಣ ಕೋಚ್. ಇನ್ನೂ 40 ದಾಟಿಲ್ಲ. ತಮ್ಮದೇ ತರಬೇತಿ ಶಿಬಿರ ನಡೆಸಿ, ತಮ್ಮದೇ ರೀತಿಯಲ್ಲಿ ಡಿಫೆನ್ಸ್ ಕಟ್ಟಿ ಸೀಸನ್ ಶುರು ಮಾಡುತ್ತಿರುವುದು ಇದೇ ಮೊದಲು. ಒಳ್ಳೆಯದೂ ಆಗಬಹುದು. ಆದರೆ ನವೆಂಬರ್‌ನಲ್ಲಿ ನಾಲ್ಕು ಪಂದ್ಯ ಸೋತಾಗ ಕೂಗಾಡುವವರಿಗೆ ಉತ್ತರ ಕೊಡಲು ಬೆನ್ನ ಹಿಂದೆ ಐದು ಕಪ್ ಇಲ್ಲ.

ಒಂದು ಮೈ ಮೇಲೆ ಎಷ್ಟು ಭಾರ

ನಾವು ಈ ಲೇಖನ ಬರೆಯಲು ಹೊರಟದ್ದೇ ಈ ಮಾತಿಗಾಗಿ.

ವೆಂಬಿಗೆ 2026ರ ಜನವರಿಗೆ 22 ತುಂಬುತ್ತದೆ. ಹೆಪ್ಪುಗಟ್ಟಿದ ರಕ್ತಕ್ಕೆ ಚಿಕಿತ್ಸೆ ಮುಗಿಸಿ ಜುಲೈನಲ್ಲಿ ಆಡಲು ಒಪ್ಪಿಗೆ ಪಡೆದಿದ್ದಾನೆ. ಬೇಸಿಗೆಯಲ್ಲಿ ಚೀನಾದ ಶಾವೊಲಿನ್ ದೇಗುಲಕ್ಕೆ ಹೋಗಿ ತಲೆ ಬೋಳಿಸಿಕೊಂಡು ಸನ್ಯಾಸಿಗಳ ಜೊತೆ ಅಭ್ಯಾಸ ಮಾಡಿದ. ಹಳೆಯ ದಿಗ್ಗಜ ಹಕೀಮ್ ಒಲಾಜುವಾನ್ ಬಳಿ ಪಾಠ ಹೇಳಿಸಿಕೊಂಡ. ಹುಡುಗ ಶ್ರಮಜೀವಿ, ಅದರಲ್ಲಿ ಅನುಮಾನವಿಲ್ಲ. ಆದರೆ ಇದೇ ಲೀಗ್‌ನಲ್ಲಿ ಕ್ರಿಸ್ ಬಾಷ್ ಎಂಬ ದೊಡ್ಡ ಆಟಗಾರ ರಕ್ತ ಹೆಪ್ಪುಗಟ್ಟುವ ತೊಂದರೆಯಿಂದಲೇ 2016ರ ನಂತರ ಅಂಗಳಕ್ಕೆ ಇಳಿಯಲಿಲ್ಲ. ಎಲ್ಲರ ತೊಂದರೆಯೂ ಒಂದೇ ಬಗೆಯದಲ್ಲ, ವೈದ್ಯರು ನೋಡಿಯೇ ಇವನನ್ನು ಬಿಟ್ಟಿದ್ದಾರೆ. ಆದರೂ ಆ ಎಚ್ಚರ ತಂಡಕ್ಕಿರಬೇಕು, ನೋಡುವ ನಮಗೂ ಇರಬೇಕು.

ಈಗಿನ ನಿಯಮದಂತೆ ವರ್ಷದ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕು. ಹೋದ ವರ್ಷ 46ಕ್ಕೆ ನಿಂತದ್ದರಿಂದ ವೆಂಬಿಗೆ ಡಿಫೆನ್ಸ್ ಪ್ರಶಸ್ತಿ ತಪ್ಪಿತು, ಅದು ಕ್ಲೀವ್‌ಲ್ಯಾಂಡ್‌ನ ಇವಾನ್ ಮೋಬ್ಲಿಗೆ ಹೋಯಿತು. ಈ ಸಲ ಪ್ರಶಸ್ತಿಗಾಗಿ ನೋವು ಮುಚ್ಚಿಟ್ಟುಕೊಂಡು ಆಡುವ ಆಸೆ ಬರಬಹುದು. ಆಡಿಸುವ ಆಸೆಯೂ ಬರಬಹುದು. ನಮ್ಮೂರ ಟೂರ್ನಿಗಳಲ್ಲಿ ನಾವಿದನ್ನು ಕಣ್ಣಾರೆ ಕಂಡಿದ್ದೇವೆ. ಒಬ್ಬ ಒಳ್ಳೆಯ ಆಟಗಾರ ಸಿಕ್ಕರೆ ಲೀಗ್ ಪಂದ್ಯವೂ ಅವನೇ, ಸೆಮಿಫೈನಲ್ಲೂ ಅವನೇ, ಮಂಡಿ ಊದಿದರೂ ಬಟ್ಟೆ ಸುತ್ತಿ ಫೈನಲ್‌ಗೂ ಅವನೇ. ಮರುವರ್ಷ ಆ ಹುಡುಗ ಅಂಗಳದ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾನೆ. ಆಡಿಸಿದವರು ಹೊಸಬನನ್ನು ಹುಡುಕಿಕೊಂಡಿರುತ್ತಾರೆ.

ಆದ್ದರಿಂದ ಗಟ್ಟಿ ಬೇಲಿ ಬೇಕೆನ್ನುವುದು ಬರೀ ಗೆಲ್ಲುವ ಲೆಕ್ಕವಲ್ಲ. ಹೊರಗಿನವರು ತಮ್ಮ ಕೆಲಸ ಸರಿಯಾಗಿ ಮಾಡಿದರೆ ವೆಂಬಿ ಪಂದ್ಯಕ್ಕೆ ಹತ್ತಿಪ್ಪತ್ತು ಸಲ ಕಡಿಮೆ ಹಾರುತ್ತಾನೆ. 82 ಪಂದ್ಯಕ್ಕೆ ಗುಣಿಸಿ ನೋಡಿ. ಅಷ್ಟು ಸಲ ಆ ಉದ್ದನೆಯ ಕಾಲುಗಳು ನೆಲಕ್ಕೆ ಅಪ್ಪಳಿಸುವುದು ತಪ್ಪುತ್ತದೆ. ವೆಂಬಿಯ ಬ್ಲಾಕ್ ಸರಾಸರಿ ಈ ವರ್ಷ 3.8ರಿಂದ ಇಳಿದು, ತಂಡದ ಡಿಫೆನ್ಸ್ ಮೇಲೇರಿದರೆ ಸ್ಪರ್ಸ್ ಸರಿಯಾದ ದಾರಿಯಲ್ಲಿದೆ ಎಂದು ನಾವು ಹೇಳುತ್ತೇವೆ. ಬ್ಲಾಕ್ ಏರಿ ತಂಡ ಅಲ್ಲೇ ಉಳಿದರೆ ಏನೋ ತಪ್ಪಿದೆ.

ನಮ್ಮ ತೀರ್ಮಾನ

ಜಗಳ ಮುಗಿಸಬೇಕಲ್ಲ. ವೆಂಬಿ 65 ಪಂದ್ಯಕ್ಕಿಂತ ಹೆಚ್ಚು ಆಡಿದರೆ ಸ್ಪರ್ಸ್ ಡಿಫೆನ್ಸ್ ಮೊದಲ ಹತ್ತರೊಳಗೆ ಬರುತ್ತದೆ. ಕೆಳಗಿನ ಹತ್ತರಿಂದ ಮೇಲಿನ ಹತ್ತಕ್ಕೆ, ಅದೇ ದೊಡ್ಡ ಜಿಗಿತ. ಮೊದಲ ಐದು ಎನ್ನುವುದು ಈ ಸಲಕ್ಕೆ ದುರಾಸೆ, ಇನ್ನೊಂದು ವರ್ಷ ತಡೆಯಿರಿ. ಅವನು ಮತ್ತೆ 50ರ ಆಸುಪಾಸಿಗೆ ನಿಂತರೂ ಕೊರ್ನೆಟ್ ಮತ್ತು ಕಾಸಲ್ ಇರುವುದರಿಂದ ಹೋದ ವರ್ಷದಂತೆ ಕುಸಿಯುವುದಿಲ್ಲ, ನಡುಮಧ್ಯೆ ಎಲ್ಲೋ ಇರುತ್ತದೆ. ಪ್ಲೇ ಆಫ್ ಬಾಗಿಲು ಆರು ವರ್ಷದ ನಂತರ ತಟ್ಟುವ ಮಟ್ಟಿಗಂತೂ ಇದು ಸಾಕು. ತಪ್ಪಾದರೆ ಏಪ್ರಿಲ್‌ನಲ್ಲಿ ಇದೇ ಜಾಗದಲ್ಲಿ ಒಪ್ಪಿಕೊಳ್ಳುತ್ತೇವೆ.

ಮೊದಲ ಪಂದ್ಯ ಡಲ್ಲಾಸ್ ಮೇವರಿಕ್ಸ್ ಎದುರು, ಅವರ ಊರಲ್ಲಿ. ಅಲ್ಲಿ 22ರ ರಾತ್ರಿ, ನಮಗೆ 23ರ ಬೆಳಿಗ್ಗೆ. ಆಂಥೊನಿ ಡೇವಿಸ್ ಮತ್ತು 2025ರ ಮೊದಲ ಆಯ್ಕೆ ಕೂಪರ್ ಫ್ಲ್ಯಾಗ್ ಇರುವ ಎತ್ತರದ ತಂಡ ಅದು, ರೀಬೌಂಡ್ ಅನುಮಾನಕ್ಕೆ ಅಲ್ಲೇ ಮೊದಲ ಉತ್ತರ ಸಿಗುತ್ತದೆ. ಅಂದಹಾಗೆ 2015ರಲ್ಲಿ ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿಯ ರೈತನ ಮಗ, 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿದ್ದೂ ಇದೇ ಡಲ್ಲಾಸ್. ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ. ಆದರೆ ಲೀಗ್‌ನ ಒಂದು ಪಂದ್ಯವೂ ಅವರಿಗೆ ಆಡಲು ಸಿಗಲಿಲ್ಲ. ಎತ್ತರವೊಂದೇ ಎಲ್ಲವನ್ನೂ ಮಾಡಿಕೊಡುವುದಿಲ್ಲ ಎಂಬುದಕ್ಕೆ ಅದೂ ಒಂದು ಉದಾಹರಣೆ.

ಆ ಬೆಳಿಗ್ಗೆ ಹೈಲೈಟ್ಸ್ ಬರಲಿ ಎಂದು ಕಾಯದೆ, ಆದರೆ ಒಂದು ಕ್ವಾರ್ಟರ್ ಆದರೂ ಪೂರ್ತಿ ನೋಡಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಕಾಸಲ್‌ನ ಕಾಲು ನೋಡಿ, ಬಾರ್ನ್ಸ್ ಎಲ್ಲಿ ನಿಂತಿದ್ದಾನೆ ನೋಡಿ. ವೆಂಬಿ ಬೆಂಚಿಗೆ ಹೋದ ಮೇಲಿನ ಮೂರು ನಾಲ್ಕು ನಿಮಿಷ ತಪ್ಪದೆ ನೋಡಿ. ಈ ತಂಡ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ನೋಡಿದ್ದನ್ನು ನಮಗೂ ಬರೆದು ಕಳಿಸಿ. ಗುಂಪಿನಲ್ಲಿ ಜಗಳ ಹೇಗೂ ಇನ್ನೂ ಮುಗಿದಿಲ್ಲ.